ಡೀಪ್ ಕ್ಲೀನಿಂಗ್ ಆದ್ಮೇಲೆ ಹಲ್ಲು ಜುಮ್ ಅಂತಿದ್ಯಾ?

"ಡಾಕ್ಟ್ರೇ, ನಿಮ್ಮತ್ರ ಬರೋಕ್ ಮುಂಚೆ ನನ್ ಹಲ್ಲು ಚೆನ್ನಾಗೇ ಇತ್ತು." ಒಸಡಿನ ಕೆಳಗೆ ಬೇರಿಗೆ ಅಂಟಿರೋ ಗಾರೆ (ಗಟ್ಟಿಯಾದ ಪಾಚಿ) ತೆಗೆಯೋ ಡೀಪ್ ಕ್ಲೀನಿಂಗ್ ಮಾಡಿದ ಮೂರ್ನಾಲ್ಕು ದಿನಕ್ಕೆ ಈ ಮಾತು ಬಂದೇ ಬರುತ್ತೆ. ಬೈಗುಳದಲ್ಲಿ ಅರ್ಧ ನ್ಯಾಯ ಇದೆ, ಹೀಗಾಗುತ್ತೆ ಅಂತ ನಾವು ಡಾಕ್ಟರ್‌ಗಳು ಎಷ್ಟೋ ಸಲ ಮೊದಲೇ ಹೇಳಿರಲ್ಲ.

ಹಲ್ಲಿನ ಮೇಲ್ಭಾಗಕ್ಕೆ ಎನಾಮಲ್ ಅನ್ನೋ ಗಟ್ಟಿ ಕವಚ ಇರುತ್ತೆ, ಬೇರಿಗೆ ಇರಲ್ಲ, ಅಲ್ಲಿರೋದು ಸಿಮೆಂಟಮ್ ಅನ್ನೋ ತೆಳು ಪದರ, ಹಲ್ಲಿನ ಕತ್ತಿನ ಹತ್ರ ಸುಮಾರು 20ರಿಂದ 50 ಮೈಕ್ರಾನ್ ಅಷ್ಟೇ (ಸಾವಿರ ಮೈಕ್ರಾನ್ ಸೇರಿದ್ರೆ ಒಂದು ಮಿಲಿಮೀಟರ್). ಇಷ್ಟು ವರ್ಷ ಆ ಬೇರಿನ ಮೇಲೆ ಗಾರೆ ಕಂಬಳಿ ಥರ ಹೊದ್ದು ಕೂತಿತ್ತು, ಅದರ ಮೇಲೆ ಊದಿಕೊಂಡ ಒಸಡು ಬೇರೆ. ಗಾರೆ ತೆಗೆದ್ವಿ, ಒಸಡಿನ ಊತ ಇಳೀತು, ಇಳಿದಷ್ಟೂ ಬೇರು ಹೊರಗೆ ಬಂತು. ಎನಾಮಲ್ ಕೆರೆದು ಹಾಕಿದ್ರು ಅಂತ ಜನ ಅಂದ್ಕೋತಾರೆ, ಹಾಗೇನಿಲ್ಲ.

ಆ ತೆಳು ಸಿಮೆಂಟಮ್ ಸವೆದ ಕಡೆ ಅದರ ಕೆಳಗಿನ ಪದರ ಡೆಂಟಿನ್ ತೆರೆದುಕೊಳ್ಳುತ್ತೆ, ಅದರ ತುಂಬಾ ಕಣ್ಣಿಗೆ ಕಾಣದ ಕೊಳವೆಗಳು, ಒಂದು ಚದರ ಮಿಲಿಮೀಟರ್‌ಗೇ ಸಾವಿರಾರು, ಒಳಗೆ ದ್ರವ. ತಣ್ಣೀರು ತಾಗಿದ್ರೆ ಆ ದ್ರವ ಸರಕ್ಕನೆ ಅಲುಗಾಡುತ್ತೆ, ಒಳಗಿನ ನರಕ್ಕೆ ಅದು ಗೊತ್ತಾಗಿ ಜುಮ್ ಅನ್ನುತ್ತೆ. ಸ್ವೀಡನ್ನಿನ ದಂತ ಸಂಶೋಧಕ ಬ್ರಾನ್‌ಸ್ಟ್ರೋಮ್ 1960ರ ದಶಕದಲ್ಲಿ ಇದಕ್ಕೆ ಪ್ರಯೋಗದ ಆಧಾರ ಕೊಟ್ರು. ಸಿಹಿ ತಿಂದ್ರೂ, ಬಾಯಲ್ಲಿ ಗಾಳಿ ಎಳ್ಕೊಂಡ್ರೂ ಜುಮ್ ಅನ್ನೋದು ಇದಕ್ಕೇ.

ಸಾಮಾನ್ಯವಾಗಿ ಮೊದಲ ವಾರ ಜೋರಾಗಿದ್ದು ಎರಡರಿಂದ ನಾಲ್ಕು ವಾರದಲ್ಲಿ ತಗ್ಗುತ್ತೆ, ಜೊಲ್ಲಿನಲ್ಲಿರೋ ಖನಿಜಗಳೇ ಕೊಳವೆ ಬಾಯನ್ನ ನಿಧಾನಕ್ಕೆ ಮುಚ್ಚುತ್ತಾ ಬರುತ್ತೆ. ಆದ್ರೆ ನೋವಾಗುತ್ತೆ ಅಂತ ಆ ಜಾಗ ಬಿಟ್ಟು ಬ್ರಷ್ ಮಾಡೋದಿದ್ಯಲ್ಲ, ಎಲ್ಲ ಕೆಡೋದೇ ಅಲ್ಲಿ. ಒಬ್ಬರು ಹತ್ತನೇ ದಿನಕ್ಕೆ ಬಂದು ಇನ್ನೂ ಜಾಸ್ತಿಯಾಗಿದೆ ಅಂದ್ರು. ಹಲ್ಲಿನ ಮೇಲೆ ಗಾಳಿ ಊದಿ ನೋಡಿದೆ, ಕುರ್ಚಿಯಲ್ಲೇ ಕಾಲ್ಬೆರಳು ಮುದುಡಿಕೊಂಡ್ರು. ಕೆಳಗಿನ ಮುಂದಿನ ಹಲ್ಲುಗಳ ಬುಡದಲ್ಲಿ ಪ್ರೋಬ್ ಅನ್ನೋ ತೆಳು ಕಡ್ಡಿ ಎಳೆದ್ರೆ ತುದಿಗೆ ಮೊಸರಿನ ಕೆನೆ ಥರ ಬಿಳಿ ಪಾಚಿ, ಪಕ್ಕದ ಹಲ್ಲುಗಳು ಮಾತ್ರ ಫಳಫಳ. ಕನ್ನಡಿ ಕೊಟ್ಟು ತೋರಿಸಿದೆ. ಆ ಪಾಚಿಯ ಆಸಿಡ್ಡೇ ಮುಚ್ಚಬೇಕಾದ ಕೊಳವೆಗಳನ್ನ ಮತ್ತೆ ತೆರೆದಿಡುತ್ತೆ, ಡೆಂಟಿನ್ ಎನಾಮಲ್‌ಗಿಂತ ಬೇಗ ಕರಗುತ್ತೆ ಬೇರೆ.

ಅವರಿಗೆ ಹೇಳಿದ್ದು ಇಷ್ಟೇ: ಸಾಫ್ಟ್ ಬ್ರಷ್, ಬೆಚ್ಚಗಿನ ನೀರು, ಸೆನ್ಸಿಟಿವಿಟಿ ಪೇಸ್ಟ್ ದಿನಕ್ಕೆರಡು ಸಲ, ಉಗಿದ ಮೇಲೆ ಬಾಯಿ ಮುಕ್ಕಳಿಸಬೇಡಿ, ರಾತ್ರಿ ಮಲಗೋಕ್ ಮುಂಚೆ ಚೂರು ಬೆರಳಲ್ಲಿ ಹಚ್ಚಿ ಹಾಗೇ ಬಿಡಿ. ಪೊಟ್ಯಾಸಿಯಂ ನೈಟ್ರೇಟ್ ಇರೋ ಪೇಸ್ಟ್ ನರವನ್ನ ಮಂದ ಮಾಡುತ್ತೆ, ಸ್ಟ್ಯಾನಸ್ ಫ್ಲೋರೈಡ್ ಇರೋದು ಕೊಳವೆ ಮುಚ್ಚುತ್ತೆ, ಯಾವುದಾದ್ರೂ ಸರಿ ಆದ್ರೆ ವಾರಗಟ್ಟಲೆ ಬಿಡದೆ ಬಳಸ್ಬೇಕು, ನಾಲ್ಕು ದಿನಕ್ಕೆ ಏನೂ ಆಗ್ಲಿಲ್ಲ ಅಂತ ಪೇಸ್ಟ್ ಬದಲಾಯಿಸ್ತಾ ಕೂತ್ರೆ ಕೆಲಸ ಆಗಲ್ಲ. ಬಿಳಿ ಮಾಡೋ ಪೇಸ್ಟು, ಹಲ್ಲುಪುಡಿ ಸದ್ಯಕ್ಕೆ ಬೇಡ. ಹುಳಿ ಜ್ಯೂಸ್, ಕೋಲಾ ಕುಡಿದ ತಕ್ಷಣ ಬ್ರಷ್ ಹಿಡೀಬೇಡಿ, ಅರ್ಧ ಗಂಟೆ ಬಿಡಿ. ಇಷ್ಟಕ್ಕೂ ಬಗ್ಗದಿದ್ರೆ ಕ್ಲಿನಿಕ್‌ನಲ್ಲಿ ಫ್ಲೋರೈಡ್ ವಾರ್ನಿಶ್ ಹಚ್ತೀವಿ, ಎರಡೇ ನಿಮಿಷದ ಕೆಲಸ.

ತಣ್ಣಗಿನದು ತಾಗಿ ಜುಮ್ ಅಂದು ತಕ್ಷಣ ನಿಂತ್ರೆ ಹೆದರೋದು ಬೇಡ. ನಿಮಿಷಗಟ್ಟಲೆ ಉಳಿದ್ರೆ, ತಾನಾಗೇ ರಾತ್ರಿ ನೋವು ಬಂದ್ರೆ, ಕಚ್ಚಿದಾಗ ನೋವಾದ್ರೆ, ಊತ ಬಂದ್ರೆ ಮಾತ್ರ ಕಾಯ್ಬೇಡಿ, ಅದು ಬೇರೆ ಕಥೆ, ಬಂದು ತೋರಿಸಿ.

ಆ ಪೇಷಂಟ್ ಮೂರು ವಾರ ಬಿಟ್ಟು ಬಂದ್ರು. ಮತ್ತೆ ಗಾಳಿ ಊದಿದೆ, ಮುಖ ಸ್ವಲ್ಪ ಕಿವುಚಿದ್ರು, ಕಾಲ್ಬೆರಳು ಅಲ್ಲಾಡಲಿಲ್ಲ.