ಟ್ರಕ್ಕನ್ನು ನಾಲ್ಕು ಇಂಚು ಎತ್ತಿದಾಗ

ಕಲ್ಲುಮಣ್ಣಿನ ದಾರಿಯಲ್ಲಿ ಒಂದು ಗಂಟೆ ಓಡಿಸಿದ ಪಿಕಪ್ ಟ್ರಕ್ಕನ್ನು ನಿಲ್ಲಿಸಿ, ಚಕ್ರದ ಹಿಂದೆ ಬಗ್ಗಿ, ಶಾಕ್ ಅಬ್ಸಾರ್ಬರಿನ ಹತ್ತಿರ ಅಂಗೈ ಒಡ್ಡಿ ನೋಡಿ. ಮುಟ್ಟಬೇಡಿ, ಬೊಬ್ಬೆ ಎದ್ದೀತು. ಆಗಷ್ಟೇ ಒಲೆಯಿಂದ ಇಳಿಸಿದ ಪಾತ್ರೆಯ ಹಾಗೆ ಕಾವು ಬಡಿಯುತ್ತದೆ. ಅದು ಎಂಜಿನ್ನಿನ ಕಾವಲ್ಲ. ದಾರಿಯ ಉಬ್ಬುತಗ್ಗು ಚಕ್ರವನ್ನು ಕುಣಿಸಿದ ಲೆಕ್ಕವೆಲ್ಲ ಅಲ್ಲಿ ಬಿಸಿಯಾಗಿ ಜಮೆಯಾಗಿದೆ.

ವಾಹನಗಳು ಓಡಾಡಿ ಅಲೆ ಅಲೆಯಾಗಿ ಎದ್ದಿರುವ ಮಣ್ಣಿನ ರಸ್ತೆಗಳಿರುತ್ತವಲ್ಲ, ಅಂಥದ್ದರಲ್ಲಿ ಒಂದು ಅಲೆಯಿಂದ ಇನ್ನೊಂದಕ್ಕೆ ಮುಕ್ಕಾಲು ಮೀಟರ್ ಅಂತರವಿದೆ ಅಂದುಕೊಳ್ಳೋಣ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಪ್ರತಿ ಚಕ್ರಕ್ಕೂ ಸೆಕೆಂಡಿಗೆ 22 ಪೆಟ್ಟು, ಗಂಟೆಗೆ ಸುಮಾರು 80 ಸಾವಿರ. ಸ್ಪ್ರಿಂಗ್ ಪೆಟ್ಟನ್ನು ಇಸಿದುಕೊಂಡು ಮರುಕ್ಷಣ ವಾಪಸು ಕೊಡುತ್ತದೆ. ನುಂಗಿ ಅರಗಿಸಿಕೊಳ್ಳುವ ಕೆಲಸ ಶಾಕಿನದು. ಕೊಳವೆಯ ತುಂಬ ಎಣ್ಣೆ, ಎಣ್ಣೆಯಲ್ಲಿ ಓಡಾಡುವ ಪಿಸ್ಟನ್, ಪಿಸ್ಟನ್ನಿನಲ್ಲಿ ಸಣ್ಣ ಸಣ್ಣ ದಾರಿ. ಆ ಇಕ್ಕಟ್ಟಿನಲ್ಲಿ ಎಣ್ಣೆ ನುಸುಳುವಾಗ ಚಲನೆ ಶಾಖವಾಗುತ್ತದೆ. ಎಣ್ಣೆ ಕಾದಷ್ಟೂ ತೆಳುವಾಗುತ್ತದೆ, ಪಿಸ್ಟನ್ನಿನ ಹಿಂದೆ ಒತ್ತಡ ಕುಸಿದ ಕಡೆ ಗುಳ್ಳೆ ಏಳುತ್ತದೆ. ಗುಳ್ಳೆ ತುಂಬಿದ ಎಣ್ಣೆಗೆ ತಡೆಯುವ ಶಕ್ತಿ ಇಲ್ಲ. ಡಾಂಬರಿಗೆಂದು ಮಾಡಿದ ಶಾಕ್ ಈ ದಾರಿಯಲ್ಲಿ ಕೈಚೆಲ್ಲುವುದು ಹೀಗೆ, ಒಡೆದು ಹೋಗದೆಯೇ. ಟ್ರಕ್ಕು ತೂಗಲು, ತೇಲಲು ಶುರುಮಾಡಿದಾಗ ಚಾಲಕನಿಗೆ ಗೊತ್ತಾಗುತ್ತದೆ.

ಕಾರ್ಖಾನೆಯಿಂದಲೇ ಆಫ್‌ರೋಡ್ ಸಿದ್ಧವಾಗಿ ಬರುವ ಟ್ರಕ್ಕುಗಳ ಕಥೆಯಲ್ಲಿ ಈ ಕಾವಿಗೆ ದೊಡ್ಡ ಪಾತ್ರವಿದೆ. ಫೋರ್ಡ್ ಕಂಪನಿ 2010ರ ಮಾದರಿಯಾಗಿ ಎಫ್-150 ರ‍್ಯಾಪ್ಟರ್ ಹೊರತಂದಾಗ ಎಲ್ಲರ ಕಣ್ಣು ಅದರ ಅಗಲ ಮೈಮೇಲಿತ್ತು. ನನಗೆ ಅದರ ಜೀವಾಳ ಅನ್ನಿಸುವುದು ಫಾಕ್ಸ್ ಕಂಪನಿಯ ಶಾಕುಗಳು. ಅದರ ಕೊಳವೆಯೊಳಗೆ ಇನ್ನೊಂದು ಕೊಳವೆ, ಅದರ ಗೋಡೆಯಲ್ಲಿ ಅಲ್ಲಲ್ಲಿ ತೂತು. ಪಿಸ್ಟನ್ ನಡುಭಾಗದಲ್ಲಿ ಓಡಾಡುವಾಗ ಎಣ್ಣೆ ಆ ತೂತುಗಳಿಂದ ಬದಿಗೆ ಹರಿದು ಹೋಗುತ್ತದೆ, ಸವಾರಿ ಮೆತ್ತಗಿರುತ್ತದೆ. ದೊಡ್ಡ ಗುಂಡಿಗೆ ಬಿದ್ದು ಪಿಸ್ಟನ್ ತುದಿ ಮುಟ್ಟುವ ಹೊತ್ತಿಗೆ ತೂತುಗಳು ಮುಗಿದಿರುತ್ತವೆ. ಎಣ್ಣೆಗೆ ಪಕ್ಕದಾರಿ ಇಲ್ಲ, ಶಾಕ್ ಬಿಗಿಯಾಗುತ್ತದೆ. ಒಂದೇ ಶಾಕ್ ಎಲ್ಲಿ ಮೆತ್ತಗಿರಬೇಕು, ಎಲ್ಲಿ ಗಟ್ಟಿಯಾಗಬೇಕು ಎಂದು ತಾನೇ ತೀರ್ಮಾನಿಸುತ್ತದೆ, ಅದೂ ಒಂದು ತಂತಿಯ ಹಂಗೂ ಇಲ್ಲದೆ. ಮರುಭೂಮಿಯ ರೇಸುಗಳಲ್ಲಿ ಬೆಳೆದ ಈ ವಿದ್ಯೆ ಶೋರೂಮಿಗೆ ಬಂತಲ್ಲ, ಅದು ನಿಜಕ್ಕೂ ದೊಡ್ಡ ಹೆಜ್ಜೆ.

ಹಾಗಾದರೆ ಅಂಥ ಶಾಕನ್ನೇ ಕೊಂಡು ತಂದು ಮಾಮೂಲಿ ಟ್ರಕ್ಕಿಗೆ ಜೋಡಿಸಿದರೆ? ಜೊತೆಗೆ ಟ್ರಕ್ಕಿನ ಮೈಯನ್ನು ಮೇಲೆತ್ತುವ ಒಂದು ಲಿಫ್ಟ್ ಕಿಟ್, ದೊಡ್ಡ ಟೈರು? ಸ್ವಂತವಾಗಿ ಟ್ರಕ್ ಕಟ್ಟಲು ಹೊರಟವರೆಲ್ಲ ಇಲ್ಲಿಂದಲೇ ಶುರುಮಾಡುತ್ತಾರೆ. ಮಾಡಬಾರದು ಅಂತ ನಾನು ಹೇಳುವುದಿಲ್ಲ. ಆದರೆ ಟ್ರಕ್ಕಿನ ಅಡಿಯಲ್ಲಿ ಒಂದು ಭಾಗವನ್ನು ಬದಲಿಸಿದಾಗ ಹೊರೆ ಇಳಿಯುವುದಿಲ್ಲ, ಹೆಗಲು ಬದಲಾಗುತ್ತದೆ. ಆ ಹೊರೆ ಯಾವ ಹೆಗಲಿಗೆ ಹೋಯಿತು ಅಂತ ಹುಡುಕುವುದೇ ಕಟ್ಟುವವನ ಅಸಲಿ ಕೆಲಸ.

ಟೈರಿನಿಂದ ಶುರುಮಾಡೋಣ. ಹಿಂದಿನ ಆಕ್ಸಲ್ ಒಂದೇ ತೊಲೆಯಾಗಿರುವ ಟ್ರಕ್ಕಿನಲ್ಲಿ ಲಿಫ್ಟ್ ಕಿಟ್ ಹಾಕಿದರೆ ಮೈ ಮೇಲೇರುತ್ತದೆ, ಆಕ್ಸಲ್ಲಿನ ನಡುವೆ ಎಡಬಲ ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್ಲಿನ ಗುಂಡು ಇದ್ದಲ್ಲೇ ಇರುತ್ತದೆ. ಕಲ್ಲಿಗೆ ಮೊದಲು ತಾಗುವುದು ಆ ಗುಂಡೇ. ಅದನ್ನು ಎತ್ತಲು ಟೈರಿನಿಂದ ಮಾತ್ರ ಸಾಧ್ಯ, ಅದೂ ವ್ಯಾಸ ಹೆಚ್ಚಿದ್ದರಲ್ಲಿ ಅರ್ಧದಷ್ಟು. 31 ಇಂಚಿನ ಟೈರು ತೆಗೆದು 35 ಇಂಚಿನದು ಹಾಕಿದರೆ ಆಕ್ಸಲ್ಲಿನ ಕೆಳಗೆ ಸಿಗುವುದು ಎರಡೇ ಇಂಚು. ಆ ಎರಡು ಇಂಚಿಗೆ ತೆರಬೇಕಾದ್ದು ಬಹಳ ಇದೆ. ಚಕ್ರದ ಸುತ್ತಳತೆ ಶೇ. 13ರಷ್ಟು ಹೆಚ್ಚಿದ್ದರಿಂದ ಸ್ಪೀಡೋಮೀಟರ್ 80 ತೋರಿಸುವಾಗ ಟ್ರಕ್ಕು 90ರಲ್ಲಿ ಓಡುತ್ತಿರುತ್ತದೆ. ಎಂಜಿನ್ನಿಗೆ ಎಲ್ಲ ಗೇರೂ ಅಷ್ಟೇ ಪ್ರಮಾಣದಲ್ಲಿ ಭಾರವಾಗುತ್ತವೆ. ಆಕ್ಸಲ್ಲಿನ ಗೇರ್ ಅನುಪಾತ, ಅಂದರೆ ಚಕ್ರದ ಒಂದು ಸುತ್ತಿಗೆ ಅದನ್ನು ತಿರುಗಿಸುವ ಶಾಫ್ಟು ಸುತ್ತುವ ಸುತ್ತುಗಳು, 3.73 ಇದ್ದರೆ ಮೊದಲಿನ ಹುರುಪು ವಾಪಸು ಬರಲು 4.21ರ ಆಸುಪಾಸಿನದು ಬೇಕು. ಬ್ರೇಕಿನ ಡಿಸ್ಕು ಹಳೆಯದೇ, ಹಿಡಿಯುವ ಬಲ ಹಳೆಯದೇ. ತ್ರಿಜ್ಯ ದೊಡ್ಡದಾದ್ದರಿಂದ ನೆಲದ ಮೇಲೆ ಆ ಬಲ ಶೇ. 11ರಷ್ಟು ಕುಗ್ಗಿರುತ್ತದೆ. ಮೇಲಾಗಿ ದೊಡ್ಡ ಟೈರು ಭಾರದ ಟೈರು. ಸ್ಪ್ರಿಂಗಿನ ಕೆಳಗೆ ಕೂಡಿಸಿದ ತೂಕವನ್ನು ಪ್ರತಿ ಪೆಟ್ಟಿಗೂ ಎತ್ತಿ ಇಳಿಸಬೇಕು. ಅದನ್ನು ಹಿಡಿದು ನಿಲ್ಲಿಸುವುದೂ ಶಾಕೇ.

ಮುಂಭಾಗಕ್ಕೆ ಬಂದರೆ ಸಂಗತಿ ಇನ್ನೂ ಸೂಕ್ಷ್ಮ. ನನ್ನ ಗೆಳೆಯನೊಬ್ಬ ಮುಂದಿನ ಸ್ಪ್ರಿಂಗುಗಳ ಮೇಲೆ ಸ್ಪೇಸರ್ ಕೂರಿಸಿ ಟ್ರಕ್ಕನ್ನು ನಾಲ್ಕು ಇಂಚು ಎತ್ತಿಸಿದ್ದ. ಕೆಲವು ತಿಂಗಳ ನಂತರ ತಿರುವಿನಲ್ಲಿ ಟಿಕ್ ಟಿಕ್ ಸದ್ದು. ಕೆಳಗೆ ನುಸುಳಿ ನೋಡಿದರೆ ರಿಮ್ಮಿನ ಒಳಬದಿಗೆ ಸುತ್ತಲೂ ಕಪ್ಪು ಗ್ರೀಸ್, ಯಾರೋ ಕೈಯಲ್ಲಿ ಎರಚಿದ ಹಾಗೆ. ಚಕ್ರಕ್ಕೆ ಶಕ್ತಿ ಒಯ್ಯುವ ಶಾಫ್ಟಿನ ಕೀಲಿಗೆ ಹೊದಿಸಿದ ರಬ್ಬರ್ ಬೂಟು ಮಡಿಕೆ ಮಡಿಕೆಯಾಗಿರುತ್ತದಲ್ಲ, ಆ ಎರಡು ಮಡಿಕೆ ಒಂದಕ್ಕೊಂದು ಉಜ್ಜಿ ಸೀಳಿತ್ತು. ಬೆರಳಿಗೆ ಹತ್ತಿದ ಗ್ರೀಸನ್ನು ಹೊಸಕಿದೆ, ಮರಳು ಗರಗರ ಅಂದಿತು. ಹಿಂದಿನದರ ಹಾಗಲ್ಲದೆ ಇಲ್ಲಿ ಮುಂದಿನ ಡಿಫರೆನ್ಷಿಯಲ್ ಟ್ರಕ್ಕಿನ ಮೈಗೇ ಬಿಗಿದಿತ್ತು. ಮೈ ಎತ್ತಿದಾಗ ಅದೂ ಮೇಲೆ ಹೋಯಿತು, ಚಕ್ರ ನೆಲದಲ್ಲೇ ಉಳಿಯಿತು, ನಡುವಿನ ಶಾಫ್ಟು ಓರೆಯಾಯಿತು. ಆ ಓರೆಯಲ್ಲೇ ದಿನವೂ ಸುತ್ತಿದ್ದಕ್ಕೆ ಕೀಲು ಸವೆದಿತ್ತು. ಕಿಟ್ ಕೆಟ್ಟದ್ದಾಗಿರಲಿಲ್ಲ. ಡಿಫರೆನ್ಷಿಯಲ್ಲನ್ನೂ ಅಷ್ಟೇ ಕೆಳಗಿಳಿಸುವ ಬ್ರಾಕೆಟ್ ಹಾಕಬೇಕಿತ್ತು, ಇಲ್ಲವೇ ಎರಡು ಇಂಚಿಗೆ ನಿಲ್ಲಬೇಕಿತ್ತು.

ಹಿಂದಿನ ಚಕ್ರಗಳಿಗೆ ಹೋಗುವ ಉದ್ದನೆಯ ಪ್ರೊಪೆಲ್ಲರ್ ಶಾಫ್ಟಿನದು ಇನ್ನೊಂದು ಲೆಕ್ಕ, ಅದಕ್ಕೆ 17ನೇ ಶತಮಾನದ ರಾಬರ್ಟ್ ಹುಕ್ ನೆನಪಾಗಬೇಕು. ಸ್ಪ್ರಿಂಗಿನ ನಿಯಮ ಕೊಟ್ಟ ಹುಕ್ ಹೆಸರೇ ಈ ಶಾಫ್ಟಿನ ಯೂನಿವರ್ಸಲ್ ಜಾಯಿಂಟಿಗೂ ಅಂಟಿಕೊಂಡಿದೆ. ಇಂಥ ಕೀಲು ಓರೆಯಾಗಿ ಸುತ್ತುವಾಗ ಆ ಕಡೆಯ ಶಾಫ್ಟು ಒಂದೇ ವೇಗದಲ್ಲಿ ಸುತ್ತುವುದಿಲ್ಲ. ಪ್ರತಿ ಸುತ್ತಿಗೂ ಅದರ ವೇಗ ಎರಡು ಸಲ ಹಿಗ್ಗಿ ಎರಡು ಸಲ ಕುಗ್ಗುತ್ತದೆ. 10 ಡಿಗ್ರಿ ಓರೆಗೆ ಏರಿಳಿತ ಶೇ. 1.5, 20 ಡಿಗ್ರಿಗೆ ಶೇ. 6. ಓರೆ ಎರಡರಷ್ಟಾದರೆ ಅದುರು ನಾಲ್ಕರಷ್ಟು. ಶಾಫ್ಟಿನ ಎರಡೂ ತುದಿಯ ಕೀಲುಗಳು ಸಮ ಓರೆಯಲ್ಲಿದ್ದರೆ ಒಂದರ ತಪ್ಪನ್ನು ಇನ್ನೊಂದು ಅಳಿಸುತ್ತದೆ. ಲಿಫ್ಟ್ ಮಾಡಿದ ಮೇಲೆ ಆಕ್ಸಲ್ಲನ್ನು ಸರಿಯಾಗಿ ತಿರುಗಿಸಿ ಕೂರಿಸದಿದ್ದರೆ ಈ ಸಮ ತಪ್ಪುತ್ತದೆ. ಹೆದ್ದಾರಿಯಲ್ಲಿ ಸೀಟಿನ ಕೆಳಗೆ ಗುಯ್ಯೆನ್ನುವ ಅದುರಿಗೆ ಟೈರ್ ಬ್ಯಾಲೆನ್ಸ್ ಮಾಡಿಸುತ್ತ ತಿಂಗಳುಗಟ್ಟಲೆ ತಿರುಗುವವರಿದ್ದಾರೆ. ಮೊದಲು ಶಾಫ್ಟಿನ ಕೋನ ಅಳೆಯಿರಿ.

ಕಾರ್ಖಾನೆ ಗೆಲ್ಲುವುದು ಇಲ್ಲಿ ಅಂತ ನನಗೆ ಅನ್ನಿಸುತ್ತದೆ, ಅದರಲ್ಲೂ ಉರುಳುವ ಅಪಾಯದ ವಿಷಯದಲ್ಲಿ. ಎಡಬಲ ಚಕ್ರಗಳ ನಡುವಿನ ಅಂತರವನ್ನು ಗುರುತ್ವ ಕೇಂದ್ರದ ಎತ್ತರದ ಎರಡರಷ್ಟರಿಂದ ಭಾಗಿಸಿದರೆ ಸಿಗುವ ಸಂಖ್ಯೆ ವಾಹನದ ಸ್ಥಿರತೆಯ ಒರಟು ಅಳತೆ; ಅಮೆರಿಕದ ಹೆದ್ದಾರಿ ಸುರಕ್ಷತಾ ಇಲಾಖೆ ಉರುಳುವ ಅಪಾಯಕ್ಕೆ ಶ್ರೇಣಿ ಕೊಡುವಾಗ ಬಳಸುವುದೂ ಇದನ್ನೇ. ಅಂತರ 1.7 ಮೀಟರ್, ಎತ್ತರ 75 ಸೆಂ.ಮೀ. ಇದ್ದರೆ ಉತ್ತರ 1.13. ಕೇಂದ್ರವನ್ನು 10 ಸೆಂ.ಮೀ. ಎತ್ತಿ, ಸರಿಯಾಗಿ 1ಕ್ಕೆ ಇಳಿಯುತ್ತದೆ. ಕಳೆದುಕೊಂಡದ್ದನ್ನು ಮರಳಿ ಪಡೆಯಲು ಚಕ್ರಗಳನ್ನು 20 ಸೆಂ.ಮೀ.ಗೂ ಹೆಚ್ಚು ಅಗಲಿಸಬೇಕು. ರ‍್ಯಾಪ್ಟರಿನ ಚಕ್ರಗಳು ಮಾಮೂಲಿ ಎಫ್-150ಗಿಂತ ಸುಮಾರು ಅರ್ಧ ಅಡಿ ಅಗಲಕ್ಕೆ ನಿಂತಿರುವುದು ನೋಟಕ್ಕಾಗಿ ಅಲ್ಲ. ಅಗಲಿಸಬೇಕಾದರೆ ಚಕ್ರವನ್ನು ಚೌಕಟ್ಟಿಗೆ ಜೋಡಿಸುವ ಕಂಟ್ರೋಲ್ ಆರ್ಮ್ ಉದ್ದವಾಗಬೇಕು, ಶಾಫ್ಟು ಉದ್ದವಾಗಬೇಕು, ಫೆಂಡರ್ ಉಬ್ಬಬೇಕು. ಅಂಗಳದಲ್ಲಿ ಕಟ್ಟುವವನು ಇದನ್ನೆಲ್ಲ ಬಿಟ್ಟು ಎತ್ತರ ಮಾತ್ರ ಕೊಡುತ್ತಾನೆ, ಯಾಕೆಂದರೆ ಎತ್ತರ ಸುಲಭ. ಇನ್ನು ಜಾರುವಾಗ ಒಂದೊಂದೇ ಚಕ್ರಕ್ಕೆ ಬ್ರೇಕ್ ಹಿಡಿದು ಟ್ರಕ್ಕನ್ನು ನೇರ ಮಾಡುವ ಕಂಪ್ಯೂಟರ್ ಇದೆಯಲ್ಲ, 2012ರ ಮಾದರಿಗಳಿಂದ ಅಮೆರಿಕದಲ್ಲಿ ಕಡ್ಡಾಯವಾಗಿರುವಂಥದ್ದು, ಅದರ ಲೆಕ್ಕಾಚಾರವೆಲ್ಲ ಹಳೆಯ ಎತ್ತರಕ್ಕೆ, ಹಳೆಯ ಟೈರಿಗೆ ಹೊಂದಿಸಿದ್ದು. ಕಾರ್ಖಾನೆ ಅದನ್ನು ಹೊಸ ಮೈಗೆ ತಕ್ಕಂತೆ ಮತ್ತೆ ಹೊಂದಿಸುತ್ತದೆ. ನಮ್ಮ ಸ್ಪ್ಯಾನರಿಗೆ ಆ ಕೆಲಸ ನಿಲುಕುವುದಿಲ್ಲ.

ಆದರೆ ಕಾರ್ಖಾನೆಗೆ ನೀವು ಯಾರೆಂದು ಗೊತ್ತಿಲ್ಲ. ನಿಮ್ಮ ದಾರಿ ಯಾವುದೆಂದು ಅದೇ ಮೊದಲು ತೀರ್ಮಾನಿಸಿಬಿಟ್ಟಿರುತ್ತದೆ. ರ‍್ಯಾಪ್ಟರ್ ಬಯಲಿನಲ್ಲಿ, ಮರಳಿನಲ್ಲಿ ವೇಗವಾಗಿ ಓಡಲು ಹುಟ್ಟಿದ್ದು; ಮೆತ್ತನೆಯ ಸ್ಪ್ರಿಂಗಿಗಾಗಿ ಅದು ಹೊರುವ ಶಕ್ತಿಯನ್ನು ಬಿಟ್ಟುಕೊಟ್ಟಿದೆ. ಸರಿಯಾದ ಜೋಡಣೆಯ 2021ರ ಮಾಮೂಲಿ ಎಫ್-150 ಒಂದೂವರೆ ಟನ್ನಿನ ಹತ್ತಿರ ಹೊರುತ್ತದೆ, ಅದೇ ವರ್ಷದ ರ‍್ಯಾಪ್ಟರ್ ಅದರ ಅರ್ಧವನ್ನೂ ಹೊರುವುದಿಲ್ಲ. ಜೀಪ್ ಗ್ಲ್ಯಾಡಿಯೇಟರ್ ರೂಬಿಕಾನ್ ಬಂಡೆ ಹತ್ತಲು ಹುಟ್ಟಿದ್ದು. ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಮೊದಲ ಗೇರ್ 4.71, ಶಕ್ತಿಯನ್ನು ಮುಂದಿನ, ಹಿಂದಿನ ಆಕ್ಸಲ್ಲಿಗೆ ಹಂಚುವ ಟ್ರಾನ್ಸ್‌ಫರ್ ಕೇಸಿನ ನಿಧಾನದ ಗೇರ್ 4, ಆಕ್ಸಲ್ಲಿನ 4.10, ಮೂರನ್ನೂ ಗುಣಿಸಿದರೆ 77. ಎಂಜಿನ್ 77 ಸಲ ಸುತ್ತಿದಾಗ ಚಕ್ರ ಒಂದು ಸುತ್ತು. ಎಂಜಿನ್ ನಿಮಿಷಕ್ಕೆ ಸಾವಿರ ಸುತ್ತು ಸುತ್ತುವಾಗ ಟ್ರಕ್ಕು ಗಂಟೆಗೆ ಎರಡು ಕಿ.ಮೀ. ವೇಗದಲ್ಲಿ, ಹೊಸದಾಗಿ ನಡೆಯಲು ಕಲಿತ ಮಗುವಿನ ಹಾಗೆ, ಬಂಡೆಯ ಮೇಲೆ ಹೆಜ್ಜೆ ಇಡುತ್ತದೆ. ಇವೆರಡನ್ನೂ ಆಫ್‌ರೋಡ್ ಟ್ರಕ್ಕೆಂದು ಒಂದೇ ಪಟ್ಟಿಯಲ್ಲಿಟ್ಟು ಹೋಲಿಸುವುದರಲ್ಲಿ ಅರ್ಥವಿಲ್ಲ.

ಕಾರ್ಖಾನೆಗಳು ಯೋಚಿಸಿರದ ದಾರಿ ನಿಮ್ಮದಾಗಿದ್ದರೆ ಕಟ್ಟಲೇಬೇಕಾಗುತ್ತದೆ. ಐಸ್‌ಲ್ಯಾಂಡಿನವರಿಗೆ ಆದದ್ದು ಅದೇ. ಅವರ ದಾರಿ ಹಿಮನದಿಯ ಮೇಲಿನ ಮೆದು ಹಿಮ, ಸಾಮಾನ್ಯ ಟೈರು ಅಲ್ಲಿ ಚಾಕುವಿನ ಹಾಗೆ ಇಳಿಯುತ್ತದೆ. ಅವರು 38 ಇಂಚಿನ ಅಗಲ ಟೈರು ಹಾಕಿ, ಗಾಳಿಯ ಒತ್ತಡವನ್ನು 2–3 ಪಿಎಸ್‌ಐಗೆ (ಚದರ ಇಂಚಿಗೆ ಇಷ್ಟು ಪೌಂಡ್ ಅನ್ನುವ ಅಳತೆ) ಇಳಿಸಿ, ಹಿಮದ ಮೇಲೆ ತೇಲಿಸಿಕೊಂಡು ಹೋದರು. 1990ರಲ್ಲಿ ಶುರುವಾದ ಆರ್ಕ್‌ಟಿಕ್ ಟ್ರಕ್ಸ್ ಸಂಸ್ಥೆ ಬೆಳೆದದ್ದು ಈ ವಿದ್ಯೆಯ ಮೇಲೆ. ಅದು ಮಾರ್ಪಡಿಸಿದ ಟೊಯೋಟಾ ಹೈಲಕ್ಸ್ 2007ರಲ್ಲಿ ಉತ್ತರ ಕಾಂತಧ್ರುವ 1996ರಲ್ಲಿ ಇದ್ದ ಜಾಗದವರೆಗೆ ಹೋಯಿತು.

ಗಾಳಿ ಇಳಿಸುವುದರ ಗಣಿತ ಸರಳ. ಒಂದು ಟೈರಿನ ಮೇಲೆ 600 ಕಿಲೊ ಇದ್ದು, ಒಳಗೆ 35 ಪಿಎಸ್‌ಐ ಗಾಳಿಯಿದ್ದರೆ ನೆಲಕ್ಕೆ ತಾಗುವ ಜಾಗ ಸುಮಾರು 240 ಚದರ ಸೆಂ.ಮೀ., ಒಂದು ಸಣ್ಣ ಪುಸ್ತಕದ ರಟ್ಟಿನಷ್ಟು. 15ಕ್ಕೆ ಇಳಿಸಿದರೆ ಹೆಚ್ಚುಕಡಿಮೆ 570. ಟೈರಿನ ಪಕ್ಕದ ಗೋಡೆಯೂ ಒಂದಿಷ್ಟು ತೂಕ ಹೊರುವುದರಿಂದ ಲೆಕ್ಕ ಪೂರ್ತಿ ಹೀಗೇ ಬರುವುದಿಲ್ಲ, ಆದರೂ ಮರಳಿನಲ್ಲಿ ಹೂತ ಟ್ರಕ್ಕು ಗಾಳಿ ಬಿಟ್ಟ ಕೂಡಲೇ ಎದ್ದು ಬರುವುದನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ. ಇದಕ್ಕೆ ಬೇಕಾದ್ದು ಒಂದು ಗೇಜು, ವಾಪಸು ತುಂಬಲು ಒಂದು ಪಂಪು. ಹಾಗಾಗಿ ಟ್ರಕ್ ಕಟ್ಟುವ ಮಾತು ಬಂದಾಗಲೆಲ್ಲ ನಾನು ಹೇಳುವುದು: ಮೊದಲು ಗಾಳಿ ಇಳಿಸಿ, ಇದ್ದ ಟ್ರಕ್ಕಿನಲ್ಲೇ ಒಂದು ವರ್ಷ ಓಡಾಡಿ. ಎಲ್ಲಿ ಸಿಕ್ಕಿಕೊಂಡಿರಿ, ಯಾವುದು ತಾಗಿತು ಅಂತ ಬರೆದಿಡಿ. ಒಂದು ಚಕ್ರ ಗಾಳಿಯಲ್ಲಿ ಸುಮ್ಮನೆ ಸುತ್ತುತ್ತ ಸಿಕ್ಕಿಬಿದ್ದದ್ದೇ ಹೆಚ್ಚಾದರೆ ನಿಮಗೆ ಬೇಕಾದ್ದು ಎತ್ತರವಲ್ಲ, ಡಿಫರೆನ್ಷಿಯಲ್ ಲಾಕರ್. ಸಾದಾ ಡಿಫರೆನ್ಷಿಯಲ್ ಎರಡೂ ಚಕ್ರಕ್ಕೆ ಸಮನಾದ ತಿರುಚುಬಲ ಕೊಡುತ್ತದೆ. ಗಾಳಿಯಲ್ಲಿರುವ ಚಕ್ರ ಏನನ್ನೂ ಬೇಡುವುದಿಲ್ಲವಾದ್ದರಿಂದ ನೆಲದಲ್ಲಿರುವುದಕ್ಕೂ ಏನೂ ಸಿಗುವುದಿಲ್ಲ. ಲಾಕರ್ ಎರಡನ್ನೂ ಒಂದೇ ಶಾಫ್ಟಿನಂತೆ ಕಟ್ಟಿಹಾಕುತ್ತದೆ. ಅಲ್ಲಿಂದ ಆಚೆಗೆ ಟೈರು, ಆ ಟೈರು ಉಜ್ಜದಷ್ಟು ಮಾತ್ರ ಲಿಫ್ಟು.

ಸ್ವಂತ ಟ್ರಕ್ಕಿನಲ್ಲಿ ಸಿಗುವ ಒಂದು ಸ್ವಾತಂತ್ರ್ಯ ನನಗೆ ಬಹಳ ಇಷ್ಟ: ಯಾವುದು ಮುರಿಯಬೇಕು ಅಂತ ನೀವೇ ಆಯ್ದುಕೊಳ್ಳಬಹುದು. ಬಂಡೆ ಹತ್ತುವವರು ಆಕ್ಸಲ್ ಶಾಫ್ಟನ್ನು ಗಟ್ಟಿ ಮಾಡುತ್ತಾರೆ, ಆಗ ಒತ್ತಡ ಡಿಫರೆನ್ಷಿಯಲ್ಲಿನ ಹಲ್ಲುಗಳಿಗೆ ಹೋಗುತ್ತದೆ. ಕಾಡಿನ ನಡುವೆ ಹಲ್ಲು ಮುರಿದರೆ ಪ್ರಯಾಣ ಅಲ್ಲಿಗೆ ಮುಗಿಯಿತು. ಅದಕ್ಕೇ ಅನುಭವಿಗಳು ಹೊರಗಿನ ಒಂದು ಯೂನಿವರ್ಸಲ್ ಜಾಯಿಂಟನ್ನು ಬೇಕೆಂದೇ ಉಳಿದವುಗಳಿಗಿಂತ ಬಡಕಲಾಗಿ ಬಿಡುತ್ತಾರೆ, ಮನೆಯ ಫ್ಯೂಸಿನಂತೆ. ಅದು ಮುರಿದರೆ ಸುತ್ತಿಗೆ, ಸಾಕೆಟ್ ಸೆಟ್ಟು, ಅರ್ಧ ಗಂಟೆ ಸಾಕು. ಬಿಡಿಭಾಗ ಸೀಟಿನ ಹಿಂದೆ ಬಟ್ಟೆಯಲ್ಲಿ ಸುತ್ತಿಟ್ಟಿರುತ್ತಾರೆ.

ಗೆಳೆಯನ ಟ್ರಕ್ಕನ್ನು ಆಮೇಲೆ ನಾವಿಬ್ಬರೇ ಎರಡು ಇಂಚಿಗೆ ಇಳಿಸಿದೆವು. ಹೊಸ ಬೋಲ್ಟುಗಳನ್ನು ಟಾರ್ಕ್ ರೆಂಚಿನಲ್ಲಿ ಬಿಗಿದು, ನಟ್ಟಿನ ಮೇಲಿಂದ ಬ್ರಾಕೆಟ್ಟಿನವರೆಗೆ ಬಿಳಿ ಬಣ್ಣದಲ್ಲಿ ಒಂದು ಗೆರೆ ಎಳೆದೆವು. ಸ್ಪ್ರಿಂಗುಗಳು ಕೂತಂತೆಲ್ಲ ಬೋಲ್ಟು ಸಡಿಲವಾಗುತ್ತದೆ, ಆಗ ಗೆರೆ ಎರಡು ತುಂಡಾಗಿ ಕಾಣುತ್ತದೆ. ಐನೂರು ಕಿ.ಮೀ. ಆದ ಮೇಲೆ ಟಾರ್ಚು ಹಿಡಿದು ಕೆಳಗೆ ಮಲಗಿ ನೋಡಿದೆವು. ಹದಿನಾರರಲ್ಲಿ ಮೂರು ಗೆರೆ ಕದಲಿದ್ದವು.