ಸೊಂಟ ನಿಂತರೆ ಕೈಗೆ ಬಿಡುವು

ಎತ್ತರದ ಕಟ್ಟೆಯ ಅಂಚಿನಲ್ಲಿ, ಕಾಲು ನೇತಾಡುವ ಹಾಗೆ ಕೂತು ಸೂಜಿಗೆ ದಾರ ಪೋಣಿಸಿ ನೋಡಿ. ಒಂದು ಕೈ ತಾನಾಗಿಯೇ ಕಟ್ಟೆ ಹಿಡಿಯಲು ಹೋಗುತ್ತದೆ, ಅಲ್ವಾ? ಸೆರೆಬ್ರಲ್ ಪಾಲ್ಸಿ ಇರುವ ಎಷ್ಟೋ ಮಕ್ಕಳಿಗೆ ದಿನವಿಡೀ ಇದೇ ಪಾಡು. ಬೀಳದೆ ಕೂರುವುದೇ ದೊಡ್ಡ ಕೆಲಸವಾದರೆ, ಬಳಪ ಹಿಡಿಯಲು ಕೈ ಎಲ್ಲಿಂದ ಬರಬೇಕು?

ಪೆಟ್ಟು ಬಿದ್ದಿರುವುದು ಬೆನ್ನಿಗಲ್ಲ, ಬೆಳೆಯುತ್ತಿದ್ದ ಮಿದುಳಿಗೆ. ಅಲ್ಲಿಂದ ಬರುವ ಅಪ್ಪಣೆ ಏರುಪೇರಾಗಿ ಕೆಲವು ಸ್ನಾಯು ಬಿಗಿ, ಕೆಲವು ಸಡಿಲ. ಸುಮ್ನೆ "ನೆಟ್ಟಗೆ ಕೂತ್ಕೋ" ಎಂದು ಗದರಿದರೆ ಏನೂ ಆಗುವುದಿಲ್ಲ.

ಕಾಲು ಬಿಗಿಯಿರುವ ಮಗುವನ್ನು ನೆಲದ ಮೇಲೆ ಕಾಲು ಚಾಚಿ ಕೂರಿಸಿದರೆ ಏನಾಗುತ್ತದೆ? ತೊಡೆಯ ಹಿಂದಿನ ಸ್ನಾಯು ಸೊಂಟದ ಮೂಳೆಯಿಂದ ಹೊರಟು ಮಂಡಿ ದಾಟಿ ಹೋಗುತ್ತದೆ. ಮಂಡಿ ನೇರವಾದರೆ ಅದು ಹಗ್ಗದಂತೆ ಬಿಗಿದು ಸೊಂಟವನ್ನು ಹಿಂದಕ್ಕೆ ಎಳೆಯುತ್ತದೆ. ಸೊಂಟ ಜಾರಿತು, ಬೆನ್ನು ಗೂನಾಯಿತು, ಎದುರಿಗಿದ್ದವರನ್ನು ನೋಡಲು ಕತ್ತು ಎತ್ತಬೇಕಾಯಿತು. ಅದೇ ಮಗುವನ್ನು ಗಿಡ್ಡ ಸ್ಟೂಲಿನ ಮೇಲೆ, ಪಾದ ನೆಲಕ್ಕೆ ತಾಗುವಂತೆ ಕೂರಿಸಿ. ಮಂಡಿ ಮಡಚಿದ ಕೂಡಲೇ ಹಗ್ಗ ಸಡಿಲ. ಎಷ್ಟೋ ಸಲ ಬೆನ್ನು ತಾನೇ ಏಳುತ್ತದೆ.

ಕೆಲವು ಮಕ್ಕಳು ಮಂಡಿ ಮುಂದಿಟ್ಟು, ಪಾದ ಎರಡೂ ಬದಿಗೆ ಚಾಚಿ, ಅಂಡು ನೆಲಕ್ಕೂರಿ ಕೂರುತ್ತಾರೆ. ಬುಡ ಅಗಲ, ಬೀಳುವ ಭಯವಿಲ್ಲ. ಯಾವಾಗಲೂ ಹಾಗೇ ಬೇಡ ಎನ್ನುತ್ತಾರೆ ಫಿಜಿಯೋಥೆರಪಿಸ್ಟುಗಳು. ಸರಿಯೇ. ಆದರೆ ಬೇರೆ ಥರ ಕೂರಲಾಗದ ಮಗುವಿಗೆ ಅದನ್ನೂ ಪೂರ್ತಿ ಬಿಡಿಸಿದರೆ ಆಟವೇ ನಿಂತುಹೋಗುತ್ತದೆ.

ಸಿಪಿ ಚೇರ್, ಅಂದರೆ ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳಿಗೆಂದೇ ಮಾಡಿದ ಕುರ್ಚಿ, ಹೊಂದಿಸುವಾಗಲೂ ಮೊದಲು ನೋಡುವುದು ಸೊಂಟವನ್ನೇ. ಬೆಲ್ಟ್ ಹೊಟ್ಟೆಯ ಮೇಲಲ್ಲ, ತೊಡೆ ಸೊಂಟಕ್ಕೆ ಸೇರುವ ಮಡಿಕೆಯ ಹತ್ತಿರ. ಆಮೇಲೆ ಪಾದಕ್ಕೆ ಹಲಗೆ, ಮೊಣಕೈ ಎತ್ತರಕ್ಕೆ ಟ್ರೇ. ಕಾಲು ಕತ್ತರಿಯಂತೆ ಸೇರುವುದಾದರೆ ಮಂಡಿಗಳ ನಡುವೆ ಒಂದು ದಿಮ್ಮಿ. ಮೆತ್ತನೆ ಸೋಫಾದಲ್ಲಿ ಮಗು ಹೂತುಹೋಗುತ್ತದೆ, ಗಟ್ಟಿ ಸೀಟೇ ವಾಸಿ. ದುಬಾರಿ ಕುರ್ಚಿಯೇ ಆಗಬೇಕೆಂದಿಲ್ಲ. ಜಿಂಬಾಬ್ವೆಯಲ್ಲಿ ಬೆವಿಲ್ ಪ್ಯಾಕರ್ ಎಂಬವರು ಹಳೇ ಪೇಪರು, ರಟ್ಟು, ಹಿಟ್ಟಿನ ಅಂಟಿನಿಂದಲೇ ಗಟ್ಟಿಮುಟ್ಟು ಕುರ್ಚಿ ಮಾಡುವುದನ್ನು ಕಲಿಸಿದರು.

2 ವರ್ಷದೊಳಗೆ ಆಸರೆಯಿಲ್ಲದೆ ಕೂತ ಮಗು ಮುಂದೆ ನಡೆಯುವ ಸಾಧ್ಯತೆ ಜಾಸ್ತಿ. ಹಾಗಂತ ಕೂರದ ಮಗುವಿಗೆ ಕುರ್ಚಿ ದಂಡ ಅಂದುಕೊಳ್ಳಬೇಡಿ. ಊಟದ ಹೊತ್ತಿಗೆ ಅದರ ಬೆಲೆ ಗೊತ್ತಾಗುತ್ತದೆ. ತಲೆ ಹಿಂದಕ್ಕೆ ವಾಲಿದಾಗ ತುತ್ತು ಶ್ವಾಸನಾಳಕ್ಕೆ ಇಳಿಯುವ ಅಪಾಯವಿದೆ. ಅಮ್ಮ ನಿಂತು ತಿನ್ನಿಸಿದರೆ ಮಗು ಚಮಚ ನೋಡಲು ತಲೆ ಎತ್ತುತ್ತದೆ. ಎದುರಿಗೆ ಅದೇ ಎತ್ತರಕ್ಕೆ ಕೂತು, ಚಮಚವನ್ನು ಸ್ವಲ್ಪ ಕೆಳಗಿನಿಂದ ತಂದರೆ ಗದ್ದ ಇಳಿಯುತ್ತದೆ, ತುತ್ತೂ ಸಲೀಸಾಗಿ ಇಳಿಯುತ್ತದೆ.