ಬೀಜದ ತಳಿ ಹೇಳುವ ಪಿಸಿಆರ್: ರಾಣೆಬೆನ್ನೂರಿನ ರೈತ ಯಾಕಿಷ್ಟು ಕಾಯಬೇಕು?

2020ರಲ್ಲಿ ಮೂಗಿಗೆ ಕಡ್ಡಿ ಹಾಕಿಸಿಕೊಂಡ ಎಲ್ಲರಿಗೂ ಆರ್‌ಟಿಪಿಸಿಆರ್ ಅನ್ನೋ ಹೆಸರು ಬಾಯಿಪಾಠ. ಹುಬ್ಬಳ್ಳಿ ಕಿಮ್ಸ್‌ನ ರಿಪೋರ್ಟ್ ಬರುವವರೆಗೆ ಎಷ್ಟು ಮನೆಗಳಲ್ಲಿ ನಿದ್ದೆ ಇರಲಿಲ್ಲ! ಅದೇ ಪಿಸಿಆರ್‌ಗೆ, ಅಂದರೆ ಡಿಎನ್‌ಎಯ ಒಂದು ತುಣುಕನ್ನು ಕೋಟಿಗಟ್ಟಲೆ ನಕಲು ಮಾಡುವ ವಿಧಾನಕ್ಕೆ, ನಮ್ಮ ಭಾಗದಲ್ಲಿ ಇನ್ನೊಂದು ಕೆಲಸವೂ ಇದೆ. ಅದು ಬೀಜದ ಕೆಲಸ.

1972ರಲ್ಲಿ ಧಾರವಾಡದಲ್ಲಿ ಡಾ. ಬಿ.ಎಚ್. ಕಟರಕಿ ವರಲಕ್ಷ್ಮಿ ಅನ್ನೋ ಹೈಬ್ರಿಡ್ (ಎರಡು ತಳಿ ಕೂಡಿಸಿದ) ಹತ್ತಿ ಕೊಟ್ಟರು, 1981ರಲ್ಲಿ ಡಿಸಿಎಚ್-32 ಅನ್ನೋ ಇನ್ನೊಂದು ಹೈಬ್ರಿಡ್ ಬಂತು, 2002ರಲ್ಲಿ ಬಿಟಿ ಹತ್ತಿಗೆ ಒಪ್ಪಿಗೆ ಸಿಕ್ಕಿತು. ಈ ನಡುವೆ ರಾಣೆಬೆನ್ನೂರು, ಹಾವೇರಿ ಸುತ್ತಲ ಹೊಲಗಳು ಹೈಬ್ರಿಡ್ ಬೀಜೋತ್ಪಾದನೆಯ ತಾಣವಾದವು.

ಸೀಡ್ ಪ್ಲಾಟ್, ಅಂದರೆ ಹೈಬ್ರಿಡ್ ಬೀಜ ಬೆಳೆಯುವ ಹೊಲ, ನೋಡಿದ್ದೀರಾ? ನಾಳೆ ಅರಳುವ ಹತ್ತಿ ಮೊಗ್ಗನ್ನು ಇವತ್ತು ಸಂಜೆಯೇ ಬಿಡಿಸಿ, ಒಳಗಿನ ಗಂಡು ಭಾಗ ತೆಗೆಯುತ್ತಾರೆ. ಬೆಳಿಗ್ಗೆ ಬೇರೆ ಸಾಲಿನ ಗಂಡು ತಳಿಯ ಹೂವು ತಂದು ಸವರುತ್ತಾರೆ. ಇದೇ ಕ್ರಾಸಿಂಗ್. ದಿನಗಟ್ಟಲೆ ಬಗ್ಗಿ ನಿಂತು ಇದನ್ನು ಮಾಡುವವರು ಹೆಚ್ಚಾಗಿ ಹೆಣ್ಣುಮಕ್ಕಳು. ಒಂದು ಮೊಗ್ಗು ಕಣ್ತಪ್ಪಿದರೆ ಅದು ತನ್ನ ಪರಾಗದಿಂದಲೇ ಕಾಯಿ ಕಟ್ಟುತ್ತದೆ. ಆ ಬೀಜವನ್ನೂ ಒಳ್ಳೆ ಬೀಜವನ್ನೂ ಅಂಗೈಯಲ್ಲಿಟ್ಟು ನೋಡಿದರೆ ಯಾರಿಗೂ ವ್ಯತ್ಯಾಸ ಕಾಣುವುದಿಲ್ಲ.

ಹಾಗಾಗಿ ಜಿಒಟಿ, ಅಂದರೆ ಗ್ರೋ ಔಟ್ ಟೆಸ್ಟ್. ಮಾದರಿ ಬೀಜವನ್ನು ಹೊಲದಲ್ಲಿ ಬಿತ್ತಿ, ಗಿಡ ಬೆಳೆಸಿ, ಎಲೆ, ಹೂವು, ಕಾಯಿ ನೋಡಿ ಎಷ್ಟು ಗಿಡ ಬೇರೆ ಅಂತ ಎಣಿಸುವುದು. ಪದ್ಧತಿ ಒಳ್ಳೆಯದೇ. ಆದರೆ ಒಂದು ಹಂಗಾಮೇ ಹೋಗುತ್ತದೆ. ಕಂಪನಿಗೆ ಬೀಜ ಬೆಳೆದುಕೊಟ್ಟ ರೈತನ ಹಣ ಆ ರಿಪೋರ್ಟ್‌ಗೆ ಕಾಯುತ್ತದೆ. ಕೂಲಿಯನ್ನು ಅವನು ಆಗಲೇ ಕೊಟ್ಟಾಗಿರುತ್ತದೆ, ಸಾಲದ ಬಡ್ಡಿ ನಿಲ್ಲುವುದಿಲ್ಲ. ಲಾಟ್ ಫೇಲ್ ಅಂತ ಬಂದರೆ? ಕ್ರಾಸಿಂಗ್ ಸರಿ ಆಗಿಲ್ಲ ಅಂತ ಕಂಪನಿಯವರು, ಕೊಟ್ಟ ಮೂಲ ಬೀಜವೇ ಬೆರಕೆ ಅಂತ ರೈತ. ಅಷ್ಟರಲ್ಲಿ ಹೊಲ ಬೇರೆ ಬೆಳೆಗೆ ಹರಗಿ ಆಗಿರುತ್ತದೆ. ತೋರಿಸಲು ಏನೂ ಉಳಿದಿರುವುದಿಲ್ಲ.

ಪಿಸಿಆರ್ ಬರುವುದು ಇಲ್ಲಿ. 1983ರಲ್ಲಿ ಕ್ಯಾಲಿಫೋರ್ನಿಯಾದ ಸೀಟಸ್ ಕಂಪನಿಯಲ್ಲಿದ್ದ ಕ್ಯಾರಿ ಮುಲ್ಲಿಸ್‌ಗೆ ಇದು ಹೊಳೆಯಿತು. 1993ರಲ್ಲಿ ನೊಬೆಲ್ ಬಂತು. ನಮ್ಮ ಹರಗೋಬಿಂದ್ ಖೊರಾನಾ ಅವರ ತಂಡ 1971ರಲ್ಲೇ ಇಂಥ ಯೋಚನೆಯನ್ನು ಬರೆದಿಟ್ಟಿತ್ತು. ಅದನ್ನೂ ನಾವು ನೆನೆಯಬೇಕು.

ಕೆಲಸ ನಡೆಯುವುದು ಶಾಖದ ಲೆಕ್ಕದಲ್ಲಿ. 95 ಡಿಗ್ರಿಗೆ ಕಾಯಿಸಿದರೆ ಡಿಎನ್‌ಎಯ ಎರಡು ಎಳೆ ಬಿಡಿಸಿಕೊಳ್ಳುತ್ತವೆ. 55ರ ಆಸುಪಾಸಿಗೆ ಇಳಿಸಿದರೆ ಪ್ರೈಮರ್ ಅನ್ನೋ ಚಿಕ್ಕ ತುಣುಕುಗಳು ನಮಗೆ ಬೇಕಾದ ಜಾಗದಲ್ಲೇ ಹೋಗಿ ಕೂರುತ್ತವೆ. 72ಕ್ಕೆ ಏರಿಸಿದರೆ ಕಿಣ್ವ ಹೊಸ ಎಳೆ ಹೆಣೆಯುತ್ತದೆ. ಒಂದು ಎರಡಾಯಿತು, ಎರಡು ನಾಲ್ಕಾಯಿತು. 20 ಸುತ್ತಿಗೆ 10 ಲಕ್ಷ ದಾಟುತ್ತದೆ, 30 ಸುತ್ತಿಗೆ 107 ಕೋಟಿ. ಮೊದಮೊದಲು ಪ್ರತಿ ಸುತ್ತಿನ ಕಾವಿಗೂ ಕಿಣ್ವ ಕೆಡುತ್ತಿತ್ತು, ಮತ್ತೆ ಹೊಸದು ಹಾಕಬೇಕಿತ್ತು. ಅಮೆರಿಕದ ಯೆಲ್ಲೋಸ್ಟೋನ್ ಬಿಸಿನೀರಿನ ಬುಗ್ಗೆಯಲ್ಲಿ ಸಿಕ್ಕ ಬ್ಯಾಕ್ಟೀರಿಯಾದ ಕಿಣ್ವ ಆ ತೊಂದರೆ ತಪ್ಪಿಸಿತು. ಅಷ್ಟು ಬಿಸಿನೀರಲ್ಲಿ ಬದುಕಿದ್ದಕ್ಕೆ ಕಾವಿನ ಹೆದರಿಕೆ ಎಲ್ಲಿಯದು?

ಬೀಜಕ್ಕೆ ಇದು ಹೇಗೆ ಉಪಯೋಗ ಅಂದರೆ, ತಾಯಿ ತಳಿಯಲ್ಲಿ ಡಿಎನ್‌ಎಯ ಒಂದು ತುಣುಕು ಉದ್ದ, ತಂದೆ ತಳಿಯಲ್ಲಿ ಗಿಡ್ಡ ಇರುತ್ತದೆ ಅಂದುಕೊಳ್ಳಿ. ಮೊಳಕೆಯಿಂದ ಆ ತುಣುಕನ್ನು ನಕಲು ಮಾಡಿ, ಉದ್ದಕ್ಕೆ ತಕ್ಕಂತೆ ತುಣುಕುಗಳನ್ನು ಬೇರೆ ಮಾಡುವ ಜೆಲ್ ಮೇಲೆ ಹರಿಸಿದರೆ ನಿಜವಾದ ಹೈಬ್ರಿಡ್‌ಗೆ ಎರಡೂ ಗೆರೆ ಕಾಣುತ್ತವೆ. ಕ್ರಾಸಿಂಗ್ ತಪ್ಪಿದ ಬೀಜಕ್ಕೆ ತಾಯಿಯ ಗೆರೆ ಮಾತ್ರ. ಇಡೀ ಹಂಗಾಮು ಕಾಯುವ ಬದಲು ಕೆಲವೇ ದಿನ ಸಾಕು.

ಎಲ್ಲದಕ್ಕೂ ಇದು ಉತ್ತರ ಅಂತ ಹೇಳಿದರೆ ತಪ್ಪಾಗುತ್ತದೆ. ಬೀಜ ಎಷ್ಟು ಮೊಳೆಯುತ್ತದೆ ಅನ್ನೋದನ್ನು ಪಿಸಿಆರ್ ಹೇಳುವುದಿಲ್ಲ. ಹತ್ತಿ ಬೀಜದಲ್ಲಿ ಬಿಟಿ ಜೀನ್ ಇದೆಯಾ ಅಂತ ಹೇಳುತ್ತದೆ, ಮಳೆ ಕೈಕೊಟ್ಟಿದ್ದನ್ನು ಹೇಳುವುದಿಲ್ಲ. ಇನ್ನೊಂದು ಗಂಟು ಜಾಸ್ತಿ ಬಿಗಿ. ಯಾವ ಗೆರೆ ತಾಯಿಯದು, ಯಾವುದು ತಂದೆಯದು ಅಂತ ತಿಳಿಯಲು ಮೂಲ ತಳಿ ಬೇಕು. ಅದು ಬೀಜ ಬೆಳೆಸಿಕೊಳ್ಳುವ ಕಂಪನಿಯ ಸ್ವತ್ತು. ಅಂದರೆ ಪರೀಕ್ಷೆಯೂ ಒಂದೇ ಕಡೆ, ತೀರ್ಪೂ ಒಂದೇ ಕಡೆ. ಬೆಳೆದವನ ಕೈಗೆ ಸಿಗುವುದು ಪಾಸ್ ಅಥವಾ ಫೇಲ್ ಅನ್ನೋ ಮಾತು ಮಾತ್ರ.

1966ರ ಬೀಜ ಕಾಯ್ದೆಯಲ್ಲಿ ಇನ್‌ಸ್ಪೆಕ್ಟರ್ ಅಂಗಡಿಯ ಬೀಜದ ಮಾದರಿ ತೆಗೆದರೆ ಮೂರು ಪಾಲು ಮಾಡಬೇಕು. ಒಂದು ಅಂಗಡಿಯವರಿಗೆ, ಒಂದು ಪರೀಕ್ಷೆಗೆ, ಒಂದು ಸೀಲ್ ಆಗಿ ಭದ್ರವಾಗಿ ಇಡಲು. ಇದು ಮಾರಾಟದ ಬೀಜದ ಮಾತು. ಸೀಡ್ ಪ್ಲಾಟ್‌ನ ಬೀಜ ತೂಕಕ್ಕೆ ಹೋದ ದಿನವೇ ಹೀಗೊಂದು ಪಾಲು ಸೀಲ್ ಮಾಡಿ ರೈತನ ಮನೆಯಲ್ಲಿಟ್ಟರೆ, ತಕರಾರು ಬಂದಾಗ ಬೇರೆ ಲ್ಯಾಬ್‌ನಲ್ಲಿ ನೋಡಿಸಲು ಕೈಯಲ್ಲಿ ಏನಾದರೂ ಇರುತ್ತದೆ ಅಲ್ವಾ?